ಕೋವಿಯ ಮೇಲಿನ ಬರಹ



ಈ ಬರಹವನ್ನು ಒಂದು ತಪ್ಪೊಪ್ಪಿಗೆಯಿಂದ ಆರಂಭಿಸುತ್ತೇನೆ. ಕೆಲವು ವರ್ಷಗಳ ಹಿಂದೆ ಹಳೆಯ ಆಯುಧಗಳನ್ನು ಕುರಿತ ಮಾತುಕತೆಯ ಕಾರ್ಯಕ್ರಮವೊಂದಕ್ಕೆ ಚಿತ್ರೀಕರಣ ಮಾಡಲು ನಮ್ಮ ತಂಡ ಮಲೆನಾಡಿನ ಒಂದು ಹಳ್ಳಿಗೆ ಹೋಗಿತ್ತು. ಅಲ್ಲಿನ ಒಂದು ಹಳೆಯ ಮನೆಯ ಜಗಲಿಯಲ್ಲಿ ಗೋಡೆಗೆ ತೂಗುಹಾಕಿದ ಒಂಟಿ ನಳಿಗೆಯ ಕೋವಿಯೊಂದಿತ್ತು. ಎಷ್ಟೋ ತಲೆಮಾರುಗಳಿಂದ ಅದು ಅಲ್ಲಿಯೇ ಇತ್ತಂತೆ. ಒಳಗಿನ ಕೀಲುಗಳು ಮುರಿದು, ಮದ್ದಿಗೆ ಬೆಂಕಿ ಹೋಗುವ ತೂತು ಮುಚ್ಚಿಹೋಗಿ, ಅದು ಯಾವ ಕಾಲದಲ್ಲೋ ಕೋವಿಯ ಕೆಲಸವನ್ನು ಬಿಟ್ಟಿತ್ತು. ಹಿಂದಿನ ದಿನ ನಾನೇ ದೂರವಾಣಿ ಮಾಡಿ ಮನೆಯ ಯಜಮಾನರಿಗೆ, "ಸ್ವಲ್ಪ ಒರೆಸಿ ಇಟ್ಟಿರಿ, ಕ್ಯಾಮೆರಾಕ್ಕೆ ಚೆನ್ನಾಗಿ ಕಾಣಬೇಕು" ಎಂದು ಹೇಳಿದ್ದೆ.

ಮರುದಿನ ನಾವು ಹೋದಾಗ ಕೋವಿ ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು.

"ಮೊಮ್ಮಗನ ಹತ್ರ ಉಪ್ಪುಕಾಗದ ಹಾಕಿ ತಿಕ್ಸಿದೆ ಮಾರಾಯ್ರೆ, ಹೆಂಗೆ ಹೊಳೀತದೆ ನೋಡಿ" ಎಂದು ಯಜಮಾನರು ಸಂತೋಷದಿಂದ ತೋರಿಸಿದರು. ಅಂದಿನ ಅತಿಥಿಯಾಗಿ ನಮ್ಮೊಡನೆ ಬಂದಿದ್ದ ಇತಿಹಾಸದ ಪ್ರಾಧ್ಯಾಪಕರು ಕೋವಿಯನ್ನು ಬೆಳಕಿಗೆ ಹಿಡಿದು, ಅತ್ತ ಇತ್ತ ತಿರುಗಿಸಿ, ಮೆಲ್ಲಗೆ ಕೇಳಿದರು: "ಯಜಮಾನ್ರೆ, ಇದರ ಮೇಲೆ ಏನಾದರೂ ಬರೆದಿತ್ತಾ?"

"ಇತ್ತಲ್ಲ. ಇಲ್ಲೇ, ಕುದುರೆ ಹತ್ರ. ನಾಲ್ಕು ಮನೆ ಮಾಡಿ ಒಂದೊಂದ್ರಲ್ಲೂ ಒಂದೊಂದು ಅಕ್ಷರ. ನಾನು ಶಾಲೆಗೆ ಹೋಗೋಕ್ಕೆ ಮುಂಚೆ ಅದ್ರ ಮೇಲೆ ಬೆರಳಾಡಿಸ್ತಾ ಕೂರ್ತಿದ್ದೆ. ಆಮೇಲೆ ತುಕ್ಕು ಹಿಡೀತು."

ಈಗ ಅಲ್ಲಿ ಏನೂ ಇರಲಿಲ್ಲ. ನಾಲ್ಕು ಮನೆಯ ಆ ಮುದ್ರೆ ಏನಾಗಿದ್ದಿರಬಹುದು, ಅದು ಹೋದದ್ದರಿಂದ ನಾವು ಕಳೆದುಕೊಂಡದ್ದೇನು ಎಂಬುದನ್ನು ಹೇಳಲು ನಾನು ಸ್ವಲ್ಪ ಹಿಂದಕ್ಕೆ ಹೋಗಬೇಕು.

ನಮ್ಮ ಹಳ್ಳಿಗಳಲ್ಲಿ ಕೋವಿಗಳ ಜಾತಿಯನ್ನು ಗುರುತಿಸುವ ಸುಲಭವಾದ ಮಾತುಗಳಿವೆ. ತೋಟಾ ಕೋವಿ, ಕೇಪಿನ ಕೋವಿ, ಅದಕ್ಕೂ ಹಿಂದಿನದು ಚಕಮಕಿ ಕಲ್ಲಿನ ಕೋವಿ, ಅದಕ್ಕೂ ಹಿಂದಿನದು ಬತ್ತಿಯ ಕೋವಿ. ಮದ್ದಿಗೆ ಬೆಂಕಿಯನ್ನು ಹೇಗೆ ಮುಟ್ಟಿಸುತ್ತಾರೆ ಎಂಬ ಒಂದೇ ಪ್ರಶ್ನೆಗೆ ಬೇರೆ ಬೇರೆ ಕಾಲ ಕೊಟ್ಟ ಉತ್ತರಗಳು ಇವು. ಮದ್ದು ಮಾತ್ರ ನೂರಾರು ವರ್ಷ ಅದೇ ಇತ್ತು: ಪೆಟ್ಲುಪ್ಪು, ಇದ್ದಿಲು, ಗಂಧಕ. ಬತ್ತಿಯ ಕೋವಿಯಲ್ಲಿ ಸಿಪಾಯಿ ಸದಾ ಉರಿಯುತ್ತಿರುವ ಹಗ್ಗದ ತುಂಡೊಂದನ್ನು ಹಿಡಿದು ನಡೆಯಬೇಕಿತ್ತು. ಮಳೆ ಬಂದರೆ ಬತ್ತಿ ಆರುತ್ತಿತ್ತು; ಕತ್ತಲಲ್ಲಿ ಆ ಕೆಂಡದ ತುದಿಯೇ ಅವನನ್ನು ಶತ್ರುವಿಗೆ ತೋರಿಸಿಕೊಡುತ್ತಿತ್ತು. ಆದರೂ ಬತ್ತಿಯ ಕೋವಿ ಅಗ್ಗ, ಊರಿನ ಕಮ್ಮಾರನೇ ದುರಸ್ತಿ ಮಾಡಬಲ್ಲಂಥದು. ಹಾಗಾಗಿ ನಮ್ಮ ದೇಶದಲ್ಲಿ ಅದು ಬಹಳ ಕಾಲ ಬಾಳಿತು.

ಚಕಮಕಿ ಕೋವಿ ಯೂರೋಪಿನಲ್ಲಿ ಹದಿನೇಳನೆಯ ಶತಮಾನದಲ್ಲಿ ರೂಪುಗೊಂಡಿತು. ಇದರಲ್ಲಿ ಕುದುರೆ ಎಂದು ಕರೆಯುವ ಬಾಗಿದ ಕೀಲಿನ ಬಾಯಲ್ಲಿ ಒಂದು ಚಕಮಕಿ ಕಲ್ಲು ಇರುತ್ತದೆ. ಟ್ರಿಗರ್ ಎಳೆದಾಗ ಕುದುರೆ ಮುಂದಕ್ಕೆ ಬಡಿದು, ಕಲ್ಲು ಉಕ್ಕಿನ ಪಟ್ಟಿಯೊಂದನ್ನು ಉಜ್ಜುತ್ತದೆ. ಕಿಡಿಗಳು ಕೆಳಗಿನ ಪುಟ್ಟ ಬಟ್ಟಲಿನಲ್ಲಿರುವ ಮದ್ದಿನ ಮೇಲೆ ಬೀಳುತ್ತವೆ. ಅಲ್ಲಿಂದ ಬೆಂಕಿ ತೂತಿನ ಮೂಲಕ ನಳಿಗೆಯ ಒಳಕ್ಕೆ ಹೋಗುತ್ತದೆ. ಇಲ್ಲಿ ನಿಮಗೊಂದು ಪ್ರಶ್ನೆ. ಆ ಕಿಡಿ ಕಲ್ಲಿನದೋ, ಉಕ್ಕಿನದೋ? ನಾನು ಬಿ.ಎಸ್ಸಿ. ಮುಗಿಸಿ ಹೊರಬರುವವರೆಗೂ ಕಲ್ಲಿನದೆಂದೇ ನಂಬಿದ್ದೆ. ನಿಜ ಬೇರೆ. ಕಲ್ಲು ಉಕ್ಕಿಗಿಂತ ಗಡಸು. ಅದು ಉಕ್ಕಿನಿಂದ ಕಣ್ಣಿಗೆ ಕಾಣದಷ್ಟು ಸಣ್ಣ ಚೂರುಗಳನ್ನು ಕೆತ್ತಿ ಹಾಕುತ್ತದೆ. ಘರ್ಷಣೆಯಿಂದ ಕಾದ ಆ ಚೂರುಗಳು ಗಾಳಿಯ ಆಮ್ಲಜನಕ ತಾಗಿ ಉರಿಯುತ್ತವೆ. ಅಂದರೆ ಕಿಡಿ ಎಂದು ನಾವು ನೋಡುವುದು ಉರಿಯುವ ಕಬ್ಬಿಣವನ್ನು. ಆದ್ದರಿಂದ ಬಹಳ ಬಳಸಿದ ಚಕಮಕಿ ಕೋವಿಯಲ್ಲಿ ಆ ಉಕ್ಕಿನ ಪಟ್ಟಿ ಸವೆದು ಗೀರುಗೀರಾಗಿರುತ್ತದೆ. ಸಂಗ್ರಾಹಕರು ಮೊದಲು ನೋಡುವುದು ಅದನ್ನೇ. ಪಟ್ಟಿಯಲ್ಲಿ ಗೀರುಗಳಿಲ್ಲದಿದ್ದರೆ ಆ ಕೋವಿ ಗೋಡೆಯ ಅಲಂಕಾರವಾಗಿತ್ತೋ, ಪಟ್ಟಿಯನ್ನು ಬದಲಾಯಿಸಿದ್ದಾರೋ ಎಂದು ಕೇಳಬೇಕಾಗುತ್ತದೆ.

ಮುಂದಿನ ಹೆಜ್ಜೆ ಇಟ್ಟವರು ಸ್ಕಾಟ್ಲೆಂಡಿನ ಒಬ್ಬ ಪಾದ್ರಿ, ಅಲೆಗ್ಸಾಂಡರ್ ಫೋರ್ಸಿತ್. ಹೊಡೆತಕ್ಕೆ ತಾನಾಗಿ ಹೊತ್ತಿಕೊಳ್ಳುವ ರಾಸಾಯನಿಕವನ್ನು ಬಳಸುವ ವಿಧಾನಕ್ಕೆ ಅವರು 1807ರಲ್ಲಿ ಪೇಟೆಂಟ್ ಪಡೆದರು. ನಮ್ಮ ಕೇಪಿನ ಕೋವಿ ಅದರ ವಂಶದ್ದು. ಕೇಪು ಬಂದ ಮೇಲೆ ಹಳೆಯ ಚಕಮಕಿ ಕೋವಿಗಳನ್ನು ಸಾವಿರಗಟ್ಟಲೆ ಕೇಪಿಗೆ ಮಾರ್ಪಡಿಸಿದರು. ಹಾಗಾಗಿ ಮಾರ್ಪಾಡಾಗದೆ ಉಳಿದ ಚಕಮಕಿ ಕೋವಿಗೆ ಈಗ ಬೆಲೆ ಹೆಚ್ಚು.

ನಮ್ಮ ನಾಡಿನಲ್ಲಿ ಚಕಮಕಿ ಕೋವಿಯ ದೊಡ್ಡ ಅಧ್ಯಾಯವೆಂದರೆ ಶ್ರೀರಂಗಪಟ್ಟಣದ್ದು. ಟಿಪ್ಪು ಸುಲ್ತಾನನೆಂದರೆ ನಿಮಗೆ ಪಠ್ಯಪುಸ್ತಕದ ಯುದ್ಧಗಳು, ಒಪ್ಪಂದಗಳು, ವಾದವಿವಾದಗಳು ನೆನಪಾಗುತ್ತವೆ. ಅವೆಲ್ಲವನ್ನೂ ಒಂದು ಗಳಿಗೆ ಬದಿಗಿಟ್ಟು ಕಾರ್ಖಾನೆಯ ಒಳಗೆ ಬನ್ನಿ. 1787ರಲ್ಲಿ ಟಿಪ್ಪು ಫ್ರಾನ್ಸಿಗೆ ಮೂವರು ರಾಯಭಾರಿಗಳನ್ನು ಕಳುಹಿಸಿದ. ಅವರು 1788ರ ಆಗಸ್ಟ್‌ನಲ್ಲಿ ಹದಿನಾರನೆಯ ಲೂಯಿ ದೊರೆಯನ್ನು ಕಂಡರು. ಸೈನ್ಯದ ನೆರವಿನೊಡನೆ ಅವರು ಕೇಳಿದ್ದು ಕುಶಲಕರ್ಮಿಗಳನ್ನು. ಸೈನ್ಯದ ನೆರವು ಸಿಗಲಿಲ್ಲ. ಮರುವರ್ಷವೇ ಅಲ್ಲಿ ಮಹಾಕ್ರಾಂತಿ ಆಯಿತು. ಕೆಲವು ಕುಶಲಕರ್ಮಿಗಳು ಮಾತ್ರ ಬಂದರು. ಅವರೂ ನಮ್ಮ ಕಮ್ಮಾರರೂ ಸೇರಿದ ಕಾರ್ಖಾನೆಗಳಲ್ಲಿ ಕೋವಿ, ಪಿಸ್ತೂಲು, ಫಿರಂಗಿಗಳು ತಯಾರಾದವು. ಕೋವಿಯ ಯಂತ್ರದ ವಿನ್ಯಾಸ ಯೂರೋಪಿನದು. ಮೈಮೇಲಿನ ಬರಹ, ಚಿತ್ತಾರ, ಲೆಕ್ಕಗಳು ಇಲ್ಲಿಯವು.

ಫ್ರಾನ್ಸಿಸ್ ಬುಕನನ್ ಎಂಬ ವೈದ್ಯ 1800ರಲ್ಲಿ, ಟಿಪ್ಪು ಮಡಿದ ಮರುವರ್ಷ, ಮೈಸೂರು ಸೀಮೆಯಲ್ಲಿ ಸುತ್ತಾಡಿ ಕಂಡದ್ದನ್ನೆಲ್ಲ ಬರೆದಿಟ್ಟ. ಫಿರಂಗಿಯ ನಳಿಗೆಯನ್ನು ಕೊರೆಯಲು ಫ್ರೆಂಚ್ ಕುಶಲಕರ್ಮಿಯೊಬ್ಬ ನೀರಿನ ಬಲದಿಂದ ನಡೆಯುವ ಯಂತ್ರವನ್ನು ಶ್ರೀರಂಗಪಟ್ಟಣದಲ್ಲಿ ನಿಲ್ಲಿಸಿದ್ದನೆಂದೂ, ಸುಲ್ತಾನ ಆ ನೀರಿನ ಚಕ್ರವನ್ನು ತೆಗೆಸಿ ಎತ್ತುಗಳನ್ನು ಕಟ್ಟಿಸಿದನೆಂದೂ ಅವನು ಬರೆಯುತ್ತಾನೆ. ಸುಲ್ತಾನನಿಗೆ ಯಂತ್ರದ ಬೆಲೆ ತಿಳಿಯಲಿಲ್ಲ ಎಂಬುದು ಬುಕನನ್ನನ ತೀರ್ಪು. ಬುಕನನ್ ಹೊಸ ಪ್ರಭುಗಳ ಆಜ್ಞೆಯಂತೆ ಬಂದವನು ಎಂಬುದನ್ನು ಮರೆಯದೆ ಇದನ್ನು ಓದಿಕೊಳ್ಳಿ. ಬೇಸಿಗೆಯ ಕಾವೇರಿಯನ್ನು ನೋಡಿದವರಿಗೆ ಎತ್ತಿನ ನಿರ್ಧಾರ ಅಷ್ಟೇನೂ ವಿಚಿತ್ರವಾಗಿ ಕಾಣಲಿಕ್ಕಿಲ್ಲ ಎಂದು ನನಗನ್ನಿಸುತ್ತದೆ. ಇದು ನನ್ನ ಊಹೆ ಮಾತ್ರ.

ಈಗ ಕೋವಿಯ ಮೇಲಿನ ಬರಹಕ್ಕೆ ಬರೋಣ. ಅರಮನೆಗಾಗಿ ಮಾಡಿದ ಕೋವಿಗಳಲ್ಲಿ ಹುಲಿಯ ಪಟ್ಟೆ ಕಾಣುತ್ತದೆ. ಇದಕ್ಕೆ ಬಬ್ರಿ ಎಂದು ಹೆಸರು. ಕೆಲವು ಕೋವಿಗಳಲ್ಲಿ ಹುಲಿಯ ಮುಖವೊಂದಿದೆ. ಹತ್ತಿರದಿಂದ ನೋಡಿದರೆ ಅದು ಚಿತ್ರವಲ್ಲ, ಅಕ್ಷರ. ದೇವರ ಸಿಂಹವೇ ಜಯಶಾಲಿ ಎಂಬ ಅರ್ಥದ ಅರೇಬಿಕ್ ಮಾತನ್ನೇ ಎದುರುಬದುರಾಗಿ ಹೆಣೆದು ಹುಲಿಯ ಮೋರೆ ಮಾಡಿದ್ದಾರೆ. ನಳಿಗೆಯ ಮೇಲೆ ಸರ್ಕಾರದ ಹೆಸರು, ಊರಿನ ಹೆಸರು 'ಪಟನ್', ಮಾಡಿದ ಕುಶಲಕರ್ಮಿಯ ಹೆಸರು, ವರ್ಷ. ಇವುಗಳ ಜೊತೆಗೆ ಒಂದು ಸಣ್ಣ ಮುದ್ರೆ: ಪರ್ಷಿಯನ್ ಲಿಪಿಯಲ್ಲಿ ಹೈದರ್ ಎಂಬ ಹೆಸರಿಗೆ ನಾಲ್ಕು ಅಕ್ಷರ, ಒಂದು ಚೌಕವನ್ನು ನಾಲ್ಕು ಮನೆಗಳಾಗಿ ಸೀಳಿ ಆ ನಾಲ್ಕು ಅಕ್ಷರಗಳನ್ನು ಹಂಚಿದ್ದಾರೆ.

ನಾಲ್ಕು ಮನೆ, ನಾಲ್ಕು ಅಕ್ಷರ. ನಮ್ಮ ಯಜಮಾನರು ಬಾಲ್ಯದಲ್ಲಿ ಬೆರಳಾಡಿಸಿದ್ದು ಇದರ ಮೇಲೆಯೆ? ಸ್ವಲ್ಪ ತಾಳಿ.

ವರ್ಷದ ವಿಷಯ ಬಹಳ ಸ್ವಾರಸ್ಯದ್ದು. ಟಿಪ್ಪು ಹಿಜರಿ ಲೆಕ್ಕವನ್ನು ಬಿಟ್ಟು, ಪ್ರವಾದಿಯವರ ಜನನದಿಂದ ಎಣಿಸುವ ಮೌಲೂದಿ ಎಂಬ ಹೊಸ ಶಕೆಯನ್ನು ಜಾರಿಗೆ ತಂದ. ಅದರಲ್ಲಿ ನಮ್ಮ ಪಂಚಾಂಗದ ಅರವತ್ತು ಸಂವತ್ಸರಗಳ ಚಕ್ರವನ್ನೇ ಇಟ್ಟುಕೊಂಡು ವರ್ಷಗಳಿಗೆ ಹೊಸ ಹೆಸರು ಕೊಟ್ಟ. ಸಾಲದ್ದಕ್ಕೆ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಸಿದ. ಅವನ ನಾಣ್ಯಗಳಲ್ಲಿ ಇದು ಎದ್ದು ಕಾಣುತ್ತದೆ. ಪರ್ಷಿಯನ್ ಬರಹ ಬಲದಿಂದ ಎಡಕ್ಕೆ ಹೋದರೂ ಅಂಕಿಗಳು ಸಾಮಾನ್ಯವಾಗಿ ಎಡದಿಂದ ಬಲಕ್ಕೇ ಹೋಗುತ್ತವೆ. ಆದ್ದರಿಂದ 1224 ಎಂಬ ವರ್ಷ ಈ ಕ್ರಮ ತಿಳಿಯದವನಿಗೆ 4221 ಎಂದು ಕಾಣುತ್ತದೆ. ತಿರುಗಿಸಿ ಸರಿಯಾಗಿ ಓದಿಕೊಂಡವನೂ ಅದನ್ನು ಹಿಜರಿ ಎಂದು ತಿಳಿದರೆ ಕೆಟ್ಟ. ಹಿಜರಿ 1224 ಎಂದರೆ ಕ್ರಿ.ಶ. 1809. ಟಿಪ್ಪು ಸತ್ತದ್ದು 1799ರಲ್ಲಿ! ಮೌಲೂದಿ ಎಂದು ತಿಳಿದು 572 ಕೂಡಿದರೆ 1796 ಬರುತ್ತದೆ, ಲೆಕ್ಕ ಸರಿಹೋಗುತ್ತದೆ. ಈ ಒಂದು ಸಂಗತಿ ತಿಳಿಯದೆ ನಿಜವಾದ ವಸ್ತುವನ್ನು ನಕಲಿಯೆಂದು ಪಕ್ಕಕ್ಕಿಡುವುದು ಎಷ್ಟು ಸುಲಭ ನೋಡಿ.

ಕಾರ್ಖಾನೆಯ ಕಸುಬು ಎಷ್ಟರಮಟ್ಟಿಗೆ ಇತ್ತು ಎಂಬುದಕ್ಕೆ ಒಂದು ಕೋವಿಯ ಮಾತು ಹೇಳುತ್ತೇನೆ. 2015ರ ಏಪ್ರಿಲ್ 21ರಂದು ಲಂಡನ್ನಿನ ಬೊನ್‌ಹ್ಯಾಮ್ಸ್ ಹರಾಜಿನಲ್ಲಿ ಟಿಪ್ಪುವಿನ ಬೇಟೆಯ ಕೋವಿಯೊಂದು ಏಳು ಲಕ್ಷ ಪೌಂಡಿಗೂ ಮೀರಿದ ಬೆಲೆಗೆ ಹೋಯಿತು. ಅದರ ನಳಿಗೆ ಒಂದೇ, ಈಡು ಎರಡು. ಒಂದು ಮದ್ದುಗುಂಡಿನ ಮುಂದೆ ಇನ್ನೊಂದು ಮದ್ದುಗುಂಡನ್ನು ಅದೇ ನಳಿಗೆಯಲ್ಲಿ ತುಂಬಿ, ಮುಂದಿನದನ್ನು ಮೊದಲು, ಹಿಂದಿನದನ್ನು ಆಮೇಲೆ ಸಿಡಿಸುವ ಏರ್ಪಾಡು. ಮುಂದಿನ ಬೆಂಕಿ ಹಿಂದಿನ ಮದ್ದಿಗೆ ತಾಗಿದರೆ ಏನಾಗುತ್ತದೆಂದು ಯೋಚಿಸಿದರೆ, ಅದನ್ನು ಮಾಡಿದವನ ಅಳತೆ ಎಷ್ಟು ಖಚಿತವಾಗಿದ್ದಿರಬೇಕು ಎಂಬುದು ತಿಳಿಯುತ್ತದೆ. ಇಂಥ ಕೈಗಳು ನಮ್ಮ ಕಾವೇರಿಯ ದಡದಲ್ಲಿದ್ದವು ಎಂಬುದಕ್ಕೆ ಪುಸ್ತಕದ ಸಾಕ್ಷಿಗಿಂತ ಆ ಕೋವಿಯೇ ದೊಡ್ಡ ಸಾಕ್ಷಿ. ಆದರೆ ಅದನ್ನು ನೋಡಬೇಕಾದರೆ ಪರದೇಶದ ಹರಾಜಿನ ಕ್ಯಾಟಲಾಗನ್ನು ತಿರುವಿಹಾಕಬೇಕು.

ಅದೇಕೆ ಹಾಗಾಯಿತು? 1799ರ ಮೇ 4ರಂದು ಕೋಟೆ ಬಿತ್ತು. ಅಂದು ರಾತ್ರಿಯೆಲ್ಲ ಲೂಟಿ ನಡೆಯಿತು. ಉಳಿದದ್ದನ್ನು ಯುದ್ಧದ ಗಳಿಕೆಯೆಂದು ಲೆಕ್ಕ ಹಾಕಿ ಅಧಿಕಾರಿಗಳಿಂದ ಸಿಪಾಯಿಗಳವರೆಗೆ ದರ್ಜೆಯ ಪ್ರಕಾರ ಹಂಚಿದರು. ಕಂಪನಿಯವರು ಮಾಡಿದ ಪಟ್ಟಿಯಲ್ಲಿ 929 ಫಿರಂಗಿಗಳು, ಹೆಚ್ಚುಕಡಿಮೆ ಒಂದು ಲಕ್ಷ ಬಂದೂಕುಗಳಿದ್ದವು. ಒಂದು ಲಕ್ಷ! ಅವೆಲ್ಲ ಎಲ್ಲಿ ಹೋದವು? ಬೆಳ್ಳಿಯ ಕಟ್ಟು, ಚಿನ್ನದ ಕೆತ್ತನೆ ಇದ್ದ ಕೆಲವು ಕೋವಿಗಳು ಅಧಿಕಾರಿಗಳ ಪೆಟ್ಟಿಗೆ ಸೇರಿ ಇಂಗ್ಲೆಂಡಿನ ಅರಮನೆ, ಬಂಗಲೆಗಳನ್ನು ತಲುಪಿದವು. ಸಾಮಾನ್ಯ ಸಿಪಾಯಿಯ ಕೋವಿಗೆ ಯಾರೂ ಪೆಟ್ಟಿಗೆ ಮಾಡಿಸಲಿಲ್ಲ. ಅದು ಮತ್ತೆ ಬಳಕೆಗೆ ಹೋಯಿತು, ಮುರಿಯಿತು, ಕಮ್ಮಾರನ ಕುಲುಮೆಯಲ್ಲಿ ಕುಡುಗೋಲಾಯಿತು, ಗುಳವಾಯಿತು.

ಹಾಗಾಗಿ ಸಂಗ್ರಹದ ಲೋಕದಲ್ಲಿ ಒಂದು ತಲೆಕೆಳಗಾದ ನ್ಯಾಯ ನಡೆಯುತ್ತದೆ. ಒಂದು ಕಾಲದಲ್ಲಿ ಎಲ್ಲಕ್ಕಿಂತ ಹೆಚ್ಚಾಗಿದ್ದ ವಸ್ತುವೇ ಇಂದು ಹುಡುಕಿದರೂ ಸಿಗುವುದಿಲ್ಲ. ರಾಜನ ಕೋವಿಯನ್ನು ಗಾಜಿನ ಪೆಟ್ಟಿಗೆಯಲ್ಲಿ ನೋಡಿ ಅಂದಿನ ಸೈನ್ಯವೆಲ್ಲ ಹೀಗೆಯೇ ಇತ್ತೆಂದು ತಿಳಿದರೆ, ಮದುವೆಯ ಆಲ್ಬಮ್ ನೋಡಿ ಆ ಮನೆಯವರು ದಿನವೂ ಜರಿ ಪಂಚೆ ಉಡುತ್ತಿದ್ದರೆಂದು ತಿಳಿದಂತೆ. ಪೊಳ್ಳಿಲೂರಿನಲ್ಲೋ ಶ್ರೀರಂಗಪಟ್ಟಣದಲ್ಲೋ ಬಿದ್ದ ರೈತನ ಮಗನ ಕೈಯಲ್ಲಿದ್ದದ್ದು ಹುಲಿಪಟ್ಟೆಯ ಕೋವಿಯಲ್ಲ.

ಸಂಗ್ರಾಹಕರನ್ನು ನಾನು ಹೀಗಳೆಯುತ್ತಿಲ್ಲ. ಇಂಗ್ಲೆಂಡಿನ ರಾಬಿನ್ ವಿಗಿಂಗ್‌ಟನ್ ಎಂಬ ಸಂಗ್ರಾಹಕರು ಟಿಪ್ಪುವಿನ ಕೋವಿ, ಪಿಸ್ತೂಲುಗಳನ್ನು ಬಹಳ ವರ್ಷ ಹುಡುಕಿ ಕೂಡಿಸಿದರು. ಅವುಗಳ ಗುರುತು, ವರ್ಷ, ಅಳತೆಗಳನ್ನು ಪಟ್ಟಿಮಾಡಿ 1992ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಅವರ ಸಂಗ್ರಹ ಮುಂದೆ ಹರಾಜುಗಳಲ್ಲಿ ಚದುರಿಹೋಯಿತು; ಪಟ್ಟಿ ಉಳಿಯಿತು. ಈ ಕೋವಿಗಳನ್ನು ಕುರಿತು ಮಾತಾಡುವವರು ಇಂದಿಗೂ ಆ ಪುಸ್ತಕವನ್ನು ತೆರೆಯುತ್ತಾರೆ. ವಸ್ತುವನ್ನು ಕೂಡಿಹಾಕುವವನಿಗೂ ಇತಿಹಾಸಕ್ಕಾಗಿ ಸಂಗ್ರಹಿಸುವವನಿಗೂ ಇರುವ ಅಂತರ ಆ ಪಟ್ಟಿಯಲ್ಲಿದೆ. ಎಲ್ಲಿಂದ ಬಂತು, ಯಾರ ಕೈಯಿಂದ ಯಾರ ಕೈಗೆ ಹೋಯಿತು, ಎಲ್ಲಿ ಮುರಿದಿದೆ, ಏನು ಬರೆದಿದೆ - ಇಷ್ಟನ್ನು ಬರೆದಿಡದವನ ಮನೆಯಲ್ಲಿ ನೂರು ಕೋವಿಗಳಿದ್ದರೂ ಅದು ಕಬ್ಬಿಣದ ಅಂಗಡಿಯೇ.

2019ರಲ್ಲಿ ಇಂಗ್ಲೆಂಡಿನ ಬರ್ಕ್‌ಶೈರ್‌ನ ಒಂದು ಮನೆಯಲ್ಲಿ ಶ್ರೀರಂಗಪಟ್ಟಣದಿಂದ ಹೋದ ಕೆಲವು ಆಯುಧಗಳು ಹೊರಬಂದವು. ಕಂಪನಿಯ ಮೇಜರ್ ಥಾಮಸ್ ಹಾರ್ಟ್ ಎಂಬಾತ ಕೊಂಡೊಯ್ದವು ಅವು. ಅವುಗಳಲ್ಲಿ ಬೆಳ್ಳಿಯ ಕಟ್ಟಿನ, ಬಯೊನೆಟ್ ಇರುವ ಒಂದು ಚಕಮಕಿ ಕೋವಿ ಆ ವರ್ಷದ ಮಾರ್ಚ್‌ನಲ್ಲಿ 60,000 ಪೌಂಡಿಗೆ ಹರಾಜಾಯಿತು. ಕೋವಿಯ ಮೈಮೇಲೆ ಏಟು ಬಿದ್ದ ಗುರುತುಗಳಿದ್ದವು. ಅದು ಉಗ್ರಾಣದಿಂದ ಎತ್ತಿದ್ದಲ್ಲ, ಕದನದ ನೆಲದಲ್ಲೇ ಸಿಕ್ಕಿದ್ದಿರಬೇಕೆಂದು ಹರಾಜಿನವರು ಊಹಿಸಿದ್ದು ಆ ಗುರುತುಗಳಿಂದಲೇ. ಆ ಮನೆಯವರು ಇನ್ನೂರು ವರ್ಷಗಳಲ್ಲಿ ಒಮ್ಮೆಯಾದರೂ ಅದನ್ನು ಒಳ್ಳೆಯ ಬಡಗಿಗೆ ಕೊಟ್ಟು ಸರಿಮಾಡಿಸಿದ್ದರೆ? ಕೋವಿ ಚೆಂದವಾಗುತ್ತಿತ್ತು. ಆ ಊಹೆಗೆ ಎಡೆಯೇ ಇರುತ್ತಿರಲಿಲ್ಲ.

ಕೋವಿಯಲ್ಲದಿದ್ದರೂ ಇದೇ ಮನೆತನಕ್ಕೆ ಸೇರಿದ ಇನ್ನೊಂದು ಸಂಗತಿ ನಮ್ಮಲ್ಲೇ ನಡೆಯಿತು. ಶಿವಮೊಗ್ಗ ಜಿಲ್ಲೆಯ ಬಿದನೂರು ನಗರದಲ್ಲಿ 2018ರ ಜುಲೈನಲ್ಲಿ ರಾಜ್ಯದ ಪುರಾತತ್ವ ಇಲಾಖೆಯವರು ಒಂದು ಹಾಳುಬಾವಿಯನ್ನು ಅಗೆದಾಗ ಸಾವಿರಕ್ಕೂ ಹೆಚ್ಚು ಕಬ್ಬಿಣದ ರಾಕೆಟ್ಟುಗಳು ಸಿಕ್ಕವು. ಮಣ್ಣಿನಲ್ಲಿ ಮದ್ದಿನ ವಾಸನೆ ಬರುತ್ತಿತ್ತಂತೆ. ಬಿದನೂರನ್ನು ಹೈದರಾಲಿ 1763ರಲ್ಲಿ ಗೆದ್ದು ಹೈದರ್‌ನಗರವೆಂದು ಹೆಸರಿಟ್ಟಿದ್ದ. ಮೈಸೂರಿನ ರಾಕೆಟ್ಟನ್ನು ನೋಡಿಯೇ ಇಂಗ್ಲೆಂಡಿನ ವಿಲಿಯಂ ಕಾಂಗ್ರೀವ್ ತನ್ನ ರಾಕೆಟ್ಟನ್ನು ಬೆಳೆಸಿದ್ದು.  ಬಾವಿಯ ರಾಕೆಟ್ಟುಗಳಿಗೆ ಬೆಳ್ಳಿಯ ಕಟ್ಟಿಲ್ಲ, ಹುಲಿಯ ಮುಖವಿಲ್ಲ. ಆದರೆ ಅವು ಯಾವ ಊರಿನಲ್ಲಿ, ಯಾವ ಬಾವಿಯಲ್ಲಿ, ಯಾವುದರ ಪಕ್ಕದಲ್ಲಿ ಇದ್ದವು ಎಂಬುದು ಗೊತ್ತು. ಸಿಪಾಯಿಯ ಕೈಯ ಆಯುಧ ರಾಶಿಯಾಗಿ, ಇದ್ದ ಸ್ಥಳದಲ್ಲೇ, ನಮಗೆ ಸಿಕ್ಕಿದ ಅಪರೂಪದ ಪ್ರಸಂಗ ಇದು. ಶಿವಮೊಗ್ಗದ ಶಿವಪ್ಪನಾಯಕನ ಅರಮನೆಯ ಸಂಗ್ರಹಾಲಯದಲ್ಲಿ ಅವನ್ನು ಪ್ರದರ್ಶನಕ್ಕೂ ಇಟ್ಟರು.

ನಿಮ್ಮಲ್ಲಿ ಕೊಡಗಿನವರಿದ್ದರೆ, "ನಮ್ಮ ಮನೆಯ ಕೋವಿ ಇತಿಹಾಸವಲ್ಲ, ಇವತ್ತಿನದು" ಎನ್ನಬಹುದು. ನಿಜ. ಗಂಡು ಮಗು ಹುಟ್ಟಿದಾಗ ಒಂದು ಗುಂಡು, ಸಾವಾದಾಗ ಎರಡು ಗುಂಡು, ಕೈಲ್‌ಪೋಳ್ದಿಗೆ ಪೂಜೆ - ಅಲ್ಲಿ ಕೋವಿ ಮನೆಯ ಸದಸ್ಯ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯಿಂದ ವಿನಾಯಿತಿ ಇರುವುದೂ ಆ ಕಾರಣಕ್ಕೇ. ಉಳಿದ ನಮಗೆ 1959ರ ಆಯುಧ ಕಾಯ್ದೆ ಇದೆ. ಹಳೆಯ ಮಾದರಿಯದೋ ಪುರಾತನ ಮೌಲ್ಯದ್ದೋ ಆಗಿದ್ದು, ದುರಸ್ತಿ ಮಾಡಿದರೂ ಹಾರಿಸಲಾಗದಂಥ ಕೋವಿಗೆ ಮಾತ್ರ ಅದರ 45ನೆಯ ಕಲಮು ರಿಯಾಯಿತಿ ಕೊಡುತ್ತದೆ. 'ಹಳೆಯದು' ಎಂಬುದೊಂದೇ ಸಾಲದು, 'ಹಾರಿಸಲಾಗದ್ದು' ಎಂಬುದೂ ಬೇಕು. ಅದನ್ನು ತೀರ್ಮಾನಿಸುವವರು ನಾವಲ್ಲ, ಅಧಿಕಾರಿಗಳು. ನೂರು ವರ್ಷ ದಾಟಿದ ಇಂಥ ವಸ್ತುವನ್ನು ದೇಶದ ಹೊರಗೆ ಮಾರಲು 1972ರ ಪುರಾತನ ವಸ್ತುಗಳ ಕಾಯ್ದೆ ಬಿಡುವುದಿಲ್ಲ. ಇನ್ನೊಂದು ಮಾತನ್ನು ಗಟ್ಟಿಯಾಗಿ ಹೇಳಬೇಕು. ಅಟ್ಟದಲ್ಲಿ ಸಿಕ್ಕ ಹಳೆಯ ಕೋವಿಯೊಳಗೆ ಮದ್ದು ಇಲ್ಲವೆಂದು ಎಂದಿಗೂ ತಿಳಿಯಬೇಡಿ. ಎಷ್ಟೋ ಕೋವಿಗಳು ತುಂಬಿದ ಈಡಿನೊಡನೆಯೇ ಮರೆತುಹೋಗಿರುತ್ತವೆ. ಮುಟ್ಟದೆ ಹಿರಿಯರಿಗೆ ಹೇಳಿ. ಅವರು ಪೊಲೀಸ್ ಠಾಣೆಗೆ ತಿಳಿಸಲಿ.

ಈಗ ನಮ್ಮ ನಾಲ್ಕು ಮನೆಗಳಿಗೆ ಮರಳೋಣ. ಹೈದರನ ಮುದ್ರೆಯೆಂದು ನೀವು ಆಗಲೇ ತೀರ್ಮಾನಿಸಿರಬಹುದು. ನಾನೂ ಅಂದು ಹಾಗೆಯೇ ಹಿಗ್ಗಿದೆ. ಪ್ರಾಧ್ಯಾಪಕರು ತಲೆಯಾಡಿಸಿ, ಒಂದು ಕಾಗದದ ಮೇಲೆ ಹೃದಯದ ಆಕಾರವನ್ನು ಬರೆದರು. ಅದನ್ನು ಎರಡು ಗೆರೆಗಳಿಂದ ನಾಲ್ಕು ಭಾಗ ಮಾಡಿದರು. ಒಂದೊಂದು ಭಾಗದಲ್ಲಿ ಒಂದೊಂದು ಇಂಗ್ಲಿಷ್ ಅಕ್ಷರ: ವಿ, ಇ, ಐ, ಸಿ. ಅದು ಈಸ್ಟ್ ಇಂಡಿಯಾ ಕಂಪನಿಯ ಗುರುತು. ಕಂಪನಿ ತನ್ನ ಸಿಪಾಯಿಗಳ ಬಂದೂಕಿನ ಕುದುರೆಯ ಪಕ್ಕದ ಕಬ್ಬಿಣದ ಫಲಕದಲ್ಲಿ ಇದನ್ನು ಒತ್ತಿಸುತ್ತಿತ್ತು. 1808ರ ಸುಮಾರಿನಿಂದ ಇದರ ಬದಲಿಗೆ ಎದ್ದುನಿಂತ ಸಿಂಹ ಬಂತು.

ಅಂದರೆ ನೋಡಿ, ಅದು ಟಿಪ್ಪುವಿನ ಸಿಪಾಯಿಯ ಕೋವಿ ಆಗಿರಬಹುದು. ಅವನ ಎದುರಿಗೆ ನಿಂತ ಕಂಪನಿ ಸಿಪಾಯಿಯ ಕೋವಿಯೂ ಆಗಿರಬಹುದು. ಎರಡಕ್ಕೂ ನಾಲ್ಕು ಮನೆ, ನಾಲ್ಕು ಅಕ್ಷರ. ಮುದ್ರೆ ಇದ್ದಿದ್ದರೆ ಒಂದು ನಿಮಿಷದಲ್ಲಿ ತಿಳಿಯುತ್ತಿತ್ತು. ನಾನು ಮಾಡಿದ ಒಂದು ದೂರವಾಣಿ ಕರೆಯಿಂದ ಅದು ಹೋಯಿತು.

"ಅಕ್ಷರ ಇಂಗ್ಲಿಷಿನದಾ, ಪರ್ಷಿಯನ್ನಾ?" ಎಂದು ಯಜಮಾನರನ್ನು ಕೇಳಿದೆವು.

"ಓದ್ಲಿಕ್ಕೆ ಬರದ ವಯಸ್ಸಿನಲ್ಲಿ ಎರಡೂ ಒಂದೇ ಅಲ್ವಾ ಸಾರ್" ಎಂದರು.

"ಆಕಾರ? ಚೌಕವಾ, ಹೃದಯದ ಹಾಗಾ?"

ಅವರು ಕಣ್ಣು ಮುಚ್ಚಿ, ಬಲಗೈಯ ತೋರುಬೆರಳನ್ನು ಗಾಳಿಯಲ್ಲಿ ಆಡಿಸಿದರು. ಬೆರಳು ಒಂದು ಸಲ ಚೌಕವಾಗಿ ಸುತ್ತಿತು, ಇನ್ನೊಂದು ಸಲ ಕೆಳಗೆ ಚೂಪಾಯಿತು.

ವಿಜ್ಞಾನದ ವಿದ್ಯಾರ್ಥಿ ಅಷ್ಟಕ್ಕೆ ಬಿಡುವನೆ? ಇನ್ನೊಮ್ಮೆ ಆ ಊರಿಗೆ ಹೋದಾಗ ವರ್ನಿಯರ್ ಕ್ಯಾಲಿಪರ್ಸ್ ತೆಗೆದುಕೊಂಡು ಹೋದೆ. ಇಂಗ್ಲಿಷರ ಸಿಪಾಯಿ ಬಂದೂಕಿನ ನಳಿಗೆಯ ಒಳ ಅಗಲ ಸುಮಾರು 19 ಮಿಲಿಮೀಟರ್. ಫ್ರೆಂಚರ ಮಾದರಿಯದು ಸುಮಾರು 17.5. ಬಾಯಿಯ ಬಳಿ ಮೂರು ಕಡೆ ಅಳೆದೆ. ಮೂರು ಉತ್ತರ ಬಂದವು, ಮೂರೂ ಈ ಎರಡು ಅಂಕಿಗಳ ನಡುವಿನವು. ಇನ್ನೂರು ವರ್ಷದ ತುಕ್ಕು ಒಂದು ಕಡೆ ನಳಿಗೆಯನ್ನು ತಿಂದಿತ್ತು, ಇನ್ನೊಂದು ಕಡೆ ಉಬ್ಬಿ ಕಟ್ಟಿತ್ತು. ಉಪ್ಪುಕಾಗದ ಬಾಯಿಯೊಳಗೂ ಒಂದಂಗುಲ ಹೋಗಿತ್ತು. ಪ್ರಾಧ್ಯಾಪಕರು ನಳಿಗೆಯನ್ನು ಮರದಿಂದ ಬಿಡಿಸಿ ಅಡಿಭಾಗವನ್ನು ನೋಡಿದರು. ಅಲ್ಲಿಗೆ ಉಪ್ಪುಕಾಗದ ತಲುಪಿರಲಿಲ್ಲ. ಉಳಿಯಿಂದ ಹೊಡೆದ ಎರಡು ಅಡ್ಡಗೆರೆಗಳು ಮಾತ್ರ ಕಂಡವು. ನಳಿಗೆಯನ್ನೂ ಮರವನ್ನೂ ಜೋಡಿ ತಪ್ಪದಂತೆ ಕೂಡಿಸಲು ಯಾವುದೇ ಕಾರ್ಖಾನೆಯ ಕೆಲಸಗಾರ ಹಾಕಿಕೊಳ್ಳುವಂಥ ಗುರುತು. ಆತ ಯಾವ ಭಾಷೆಯವನೋ, ಅಡ್ಡಗೆರೆಗೆ ಭಾಷೆಯಿಲ್ಲ.

ಯಜಮಾನರಿಗೆ ಒಂದು ರಟ್ಟಿನ ಚೀಟಿಯನ್ನು ಕೊಟ್ಟು, ಕೋವಿಯ ಬಗ್ಗೆ ಗೊತ್ತಿರುವುದನ್ನೆಲ್ಲ ಬರೆದು ದಾರದಿಂದ ಕಟ್ಟಿಡಿ ಎಂದೆವು. ಅವರು ಕನ್ನಡಕ ಹಾಕಿಕೊಂಡು, ಜಗಲಿಯ ಮೇಲೆ ಕುಳಿತು, ನಿಧಾನವಾಗಿ ಬರೆದರು. ಮೊದಲು ಅಜ್ಜನ ಹೆಸರು, ಆಮೇಲೆ ತಂದೆಯ ಹೆಸರು, ಕೋವಿ ತೂಗುತ್ತಿದ್ದ ಗೋಡೆ ಯಾವುದು, ನಾಲ್ಕು ಮನೆಯ ಮುದ್ರೆ ಎಲ್ಲಿತ್ತು ಎಂಬುದು. ಕೊನೆಗೆ ನನ್ನ ಕಡೆ ಒಮ್ಮೆ ನೋಡಿ ಇನ್ನೊಂದು ಸಾಲು ಸೇರಿಸಿದರು: "ಟೀವಿಯವರು ಹೇಳಿದ ಮೇಲೆ ಉಪ್ಪುಕಾಗದ ಹಾಕಿ ತಿಕ್ಕಿದ್ದು." ತಾರೀಖನ್ನೂ ಹಾಕಿದರು.